ರೇಸ್ ಕಾರು ನೋಡಲು ಹೋಗಿ ಕನ್ನಡಿಗೆ ದುಡ್ಡು ಕೊಟ್ಟು ಬಂದೆ

ಕ್ರಿಸ್ಮಸ್ ರಜೆಯಲ್ಲಿ ಕುಮಟಾದ ಹತ್ತಿರ ಹೆದ್ದಾರಿ ಬದಿಯ ಬಯಲಲ್ಲಿ ಒಂದು ಟೆಂಟ್ ಎದ್ದಿತ್ತು. ‘ಹಳೇ ರೇಸ್ ಕಾರುಗಳ ಸಂಚಾರಿ ಮ್ಯೂಸಿಯಂ’ ಅಂತ ಬ್ಯಾನರ್. ಈಗ ಅಲ್ಲಿಲ್ಲ. ಹೊನ್ನಾವರಕ್ಕೋ ಕಾರವಾರಕ್ಕೋ ಬೇರೆ ಹೆಸರಲ್ಲಿ ಬಂದರೂ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಸಿರಸಿಯಲ್ಲಿ ನನ್ನದೊಂದು ಗ್ಯಾರೇಜು. ಅಕ್ಕನ ಮಗನಿಗೆ, ಅಂದರೆ ನಮ್ಮ ಮಾಣಿಗೆ (ಹುಡುಗನಿಗೆ), ಹನ್ನೊಂದು ವರ್ಷ, ಕಾರು ಅಂದರೆ ಊಟವೂ ಬೇಡ. ಭಾನುವಾರ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದೆ. ಟಿಕೆಟ್ ತಲೆಗೆ 250. ಕೊಟ್ಟಿದ್ದು ಬರೀ ಬಣ್ಣದ ಚೀಟಿ. ವಿಳಾಸವಿಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಆಗಲೇ ಹಿಂದೆ ಬರಬೇಕಿತ್ತು. ಮಾಣಿ ಒಳಗೆ ಓಡಿಯಾಗಿತ್ತು.

ಒಟ್ಟು ಆರು ಕಾರು. ಮೊದಲನೆಯದರ ಬೋರ್ಡು, ‘1938ರ ಫಾರ್ಮುಲಾ ಒನ್ ಚಾಂಪಿಯನ್’. ಆ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದೇ 1950ರಲ್ಲಿ! ಪಕ್ಕದ್ದು ಬೆಳ್ಳಿ ಬಣ್ಣದ್ದು, ‘1955, ಫಾಂಜಿಯೊ ಓಡಿಸಿದ ಮರ್ಸಿಡಿಸ್’. ಅರ್ಜೆಂಟೀನಾದ ರೇಸ್ ಚಾಲಕ ಫಾಂಜಿಯೊ ಆ ವರ್ಷ ಮರ್ಸಿಡಿಸ್‌ನಲ್ಲಿ ಗೆದ್ದಿದ್ದು ನಿಜ. ಆ ಕಾರಿನ ಎಂಜಿನ್ ಮುಂದಿತ್ತು, ಒಂದೇ ಸಾಲಲ್ಲಿ ಎಂಟು ಸಿಲಿಂಡರ್. ಗಾಳಿಯ ಬಲದಿಂದ ಕಾರನ್ನು ನೆಲಕ್ಕೊತ್ತುವ ರೆಕ್ಕೆ ಇರಲಿಲ್ಲ. ಫಾರ್ಮುಲಾ ಒನ್ ಕಾರಿಗೆ ರೆಕ್ಕೆ ಬಂದಿದ್ದು 1968ರಲ್ಲಿ. ಇದರ ಹಿಂದೆ ಮಾತ್ರ ಕಪಾಟಿನ ಬಾಗಿಲಿನಷ್ಟು ದೊಡ್ಡ ರೆಕ್ಕೆ! ಚಕ್ರ ನೋಡಿದೆ. ಆ ಕಾಲದ ರೇಸ್ ಕಾರಿಗೆ ಕಡ್ಡಿ ಚಕ್ರ, ನಡುವೆ ಒಂದೇ ನಟ್ಟು, ಸುತ್ತಿಗೆಯಿಂದ ಹೊಡೆದು ಬಿಚ್ಚುತ್ತಿದ್ದರು. ಇಲ್ಲಿ ಮುಚ್ಚಳದ ಸಂದಿಯಲ್ಲಿ ನಾಲ್ಕು ನಟ್ಟು ಕಾಣಿಸಿತು, ಹನ್ನೆರಡು ಇಂಚಿನ ಚಕ್ರ. ಬಗ್ಗಿ ನೋಡಿದರೆ ನಮ್ಮ ಮಾರುತಿ 800! ಮೇಲೆ ಫೈಬರ್ ಚಿಪ್ಪು. ಅದರ ಹೊಟ್ಟೆಯಡಿ ಮಲಗಿಯೇ ವಯಸ್ಸಾದವನಿಗೆ ಗುರುತು ಸಿಗದೇ ಇರುತ್ತದಾ?

ನಕಲು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ನಕಲು ಅಂತ ಬರೆದು 50 ರೂಪಾಯಿ ತಗೊಂಡಿದ್ದರೆ ಮೆಚ್ಚಿಕೊಂಡೇ ಬರುತ್ತಿದ್ದೆ.

ಅಸಲಿ ಕತೆ ಮುಂದಿದೆ. ಕಾರಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲು 200. ಮಾಣಿ ಮುಖ ಸಣ್ಣ ಮಾಡಿತು, ಕೊಟ್ಟೆ. ಕೂತು ಸ್ಟೇರಿಂಗ್ ಹಿಡಿದದ್ದೇ ಸೈ, ಪಕ್ಕದ ಕನ್ನಡಿ ಟಪ್ಪಂತ ಕೆಳಗೆ ಬಿತ್ತು. ಎಲ್ಲಿದ್ದರೋ, ಇಬ್ಬರು ಓಡಿ ಬಂದರು. “ಇಂಪೋರ್ಟೆಡ್ ಪಾರ್ಟು ಸಾರ್, ಆರು ಸಾವಿರ ಆಗ್ತದೆ.” ಮಾಣಿ ಅಳುತ್ತಾ, “ಆನು ಮುಟ್ಟಿದ್ದೇ ಇಲ್ಲೆ ಮಾವ” ಅಂತು. ಕನ್ನಡಿ ಎತ್ತಿ ತಿರುಗಿಸಿದೆ. ಸ್ಕ್ರೂ ಹಾಕುವ ತೂತೇ ಇಲ್ಲ, ಎರಡು ಕಡೆ ಅಂಟುವ ಟೇಪು, ಅದೂ ಧೂಳು ಹಿಡಿದದ್ದು. ಎಷ್ಟು ಮಕ್ಕಳ ಕೈಲಿ ಬಿದ್ದಿತ್ತೋ ಏನೋ.

112ಕ್ಕೆ ಫೋನ್ ಮಾಡುತ್ತೇನೆ ಅಂದೆ. ಆರು ಸಾವಿರ ಹದಿನೈದು ನೂರಕ್ಕೆ ಇಳಿಯಿತು. ಅಷ್ಟರಲ್ಲಿ ಜನ ಸೇರಿದ್ದರು, ಮಾಣಿಯ ಅಳು ನಿಲ್ಲಲಿಲ್ಲ. ಮರ್ಯಾದೆಗೆ ಅಂಜಿ ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಿಬಿಟ್ಟೆ. ನನ್ನ ತಪ್ಪು ಅದೇ. ಫೋನ್ ಮಾಡಿಯೇ ಬಿಡಬೇಕಿತ್ತು. ನಾಲ್ಕು ದಿನ ಬಿಟ್ಟು ಹೋದರೆ ಬಯಲಲ್ಲಿ ಗೂಟದ ಗುಂಡಿ ಮಾತ್ರ ಇತ್ತು.

ಇಂಥ ಕಡೆ ಮಕ್ಕಳನ್ನು ಕಾರಿನಲ್ಲಿ ಕೂರಿಸಬೇಡಿ. ಕೂರಿಸಲೇಬೇಕಾದರೆ ಮೊದಲು ಕಾರಿನ ಸುತ್ತ ವಿಡಿಯೋ ಮಾಡಿಕೊಳ್ಳಿ, ಅವರ ಕಣ್ಣೆದುರಿಗೇ. ನಿಜವಾದ ಹಳೇ ಕಾರು ನೋಡುವ ಆಸೆಯಿದ್ದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ಪಯಣ ಅನ್ನುವ ಕಾರು ಮ್ಯೂಸಿಯಂ ಇದೆ. ರೇಸ್ ಕಾರು ಅಂತ ಹೋಗಬೇಡಿ, ಹಳೇ ಕಾರು ಅಂತ ಹೋಗಿ. ಬೇಸಿಗೆ ರಜೆಗೆ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾಣಿಗೆ ಮಾತು ಕೊಟ್ಟಿದ್ದೇನೆ. “ಅಲ್ಲಿ ಕನ್ನಡಿ ಗಟ್ಟಿ ಇದ್ದಾ ಮಾವ?” ಅಂತ ಕೇಳುತ್ತಿದೆ.