ಎಚ್ಚರಿಕೆ: ಕುಡಿಯುವ ನೀರಿಗೂ ಕೊಳಚೆಗೂ ನಡುವೆ ಬರೀ ಒಂದು ವಾಲ್ವ್ ಇದ್ದರೆ

ನಿಮ್ಮ ಕಟ್ಟಡದಲ್ಲಿ ಕುಡಿಯುವ ನೀರಿನ ಲೈನಿಗೂ ಸಂಸ್ಕರಿಸಿದ ಕೊಳಚೆ ನೀರಿನ ಲೈನಿಗೂ ಎಲ್ಲಾದರೂ ‘ಬೈಪಾಸ್’ ಎಂಬ ಹೆಸರಿನ ಪೈಪು ಇದ್ದರೆ ಇವತ್ತೇ ಕತ್ತರಿಸಿ ತೆಗೆಸಿ. ವಾಲ್ವ್ ಮುಚ್ಚಿದೆಯಲ್ಲ ಅಂತ ಸುಮ್ಮನಾಗಬೇಡಿ. ಹಾಗೆ ಸುಮ್ಮನಿದ್ದ ಒಂದು ಊರಿಗೆ ಏನಾಯಿತು ಅನ್ನುವುದು ದಾಖಲಾಗಿದೆ.

ಆ ಊರು ಫಿನ್ಲೆಂಡಿನ ನೋಕಿಯಾ. ಫೋನ್ ಕಂಪನಿಗೆ ಹೆಸರು ಬಂದದ್ದು ಇದೇ ಪಟ್ಟಣದಿಂದ. ಅಲ್ಲಿನ ಕೊಳಚೆ ಸಂಸ್ಕರಣಾ ಘಟಕದೊಳಗೆ ಕುಡಿಯುವ ನೀರಿನ ಪೈಪನ್ನೂ ಸಂಸ್ಕರಿಸಿ ಹೊರಬಿಡುವ ನೀರಿನ ಪೈಪನ್ನೂ ಜೋಡಿಸಿ, ನಡುವೆ ಒಂದು ವಾಲ್ವ್ ಇಟ್ಟಿದ್ದರು. ಇಂಥ ನೇರ ಜೋಡಣೆ ಇರಲೇಬಾರದು. 2007ರ ನವೆಂಬರ್ 28ರಂದು ನಿರ್ವಹಣೆ ಕೆಲಸದ ವೇಳೆ ಆ ವಾಲ್ವ್ ತೆರೆದವರು ಮತ್ತೆ ಮುಚ್ಚಲಿಲ್ಲ. ಕೊಳಚೆ ಬದಿಯ ಒತ್ತಡವೇ ಹೆಚ್ಚಿದ್ದದ್ದರಿಂದ ನೀರು ಉಲ್ಟಾ ಹರಿಯಿತು. ಗೊತ್ತಾಗಿ ಮುಚ್ಚುವಷ್ಟರಲ್ಲಿ ಎರಡು ದಿನ ಕಳೆದು, ಸುಮಾರು 4,50,000 ಲೀಟರ್ ಕೊಳಚೆ ಮೂಲದ ನೀರು ಊರಿನ ನಲ್ಲಿಗಳ ಜಾಲ ಸೇರಿತ್ತು. 8,000ಕ್ಕೂ ಹೆಚ್ಚು ಜನ ವಾಂತಿಭೇದಿಗೆ ಬಿದ್ದರು. ರೋಗಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್, ನೊರೋವೈರಸ್, ಜಿಯಾರ್ಡಿಯಾ, ಸಾಲ್ಮೊನೆಲ್ಲಾ ಎಂಬ ರೋಗಾಣುಗಳೆಲ್ಲ ಸಿಕ್ಕವು. ಪೈಪುಗಳನ್ನು ತೊಳೆದು, ಭಾರೀ ಕ್ಲೋರಿನ್ ಹಾಕಿ, ಕುದಿಸಿ ಕುಡಿಯಿರಿ ಎಂಬ ಸೂಚನೆ ಪೂರ್ತಿ ಹಿಂಪಡೆಯುವ ಹೊತ್ತಿಗೆ ಮುಂದಿನ ಫೆಬ್ರವರಿ ಬಂದಿತ್ತು.

ನೀರಿನ ಮೂಲ ಚೆನ್ನಾಗಿತ್ತು, ಶುದ್ಧೀಕರಣದಲ್ಲೂ ತಪ್ಪಿರಲಿಲ್ಲ. ಕೆಟ್ಟದ್ದು ದಾರಿಯಲ್ಲಿ. ಎರಡು ಲೈನಿನ ಹೊಸ ಕಟ್ಟಡಗಳಲ್ಲಿ, ಅಂದರೆ ಫ್ಲಶ್‌ಗೂ ತೋಟಕ್ಕೂ ಸಂಸ್ಕರಿಸಿದ ನೀರು ಕೊಡುವ ಕಡೆಗಳಲ್ಲೆಲ್ಲ ನೋಕಿಯಾದ ಆ ವಾಲ್ವ್‌ನ ಸಣ್ಣ ತಮ್ಮಂದಿರು ಕೂತಿರುತ್ತಾರೆ. ಸಂಸ್ಕರಿಸಿದ ನೀರು ಸಾಲದೆ ಫ್ಲಶ್ ಟ್ಯಾಂಕು ಖಾಲಿಯಾದ ದಿನ ಯಾರೋ ಪ್ಲಂಬರ್ ‘ಸದ್ಯಕ್ಕಿರಲಿ’ ಅಂತ ನಗರದ ನೀರಿನ ಲೈನಿನಿಂದ ಒಂದು ಅಡ್ಡ ಪೈಪು ಎಳೆದಿರುತ್ತಾನೆ. ಆಮೇಲೆ ಆ ‘ಸದ್ಯಕ್ಕೆ’ ವರ್ಷಗಟ್ಟಲೆ ಗೋಡೆಯ ಮೇಲೇ ಇರುತ್ತದೆ.

ನೀರು ಯಾವ ಕಡೆ ಹರಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಪೈಪಿನ ಮೇಲೆ ಬರೆದ ಬಾಣದ ಗುರುತಲ್ಲ, ಒತ್ತಡ. 10 ಮೀಟರ್ ಎತ್ತರದ ನೀರು ಕೆಳಗೆ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಸಂಸ್ಕರಿಸಿದ ನೀರಿನ ಟ್ಯಾಂಕು 30 ಮೀಟರ್ ಎತ್ತರದ ತಾರಸಿಯಲ್ಲಿದ್ದರೆ ನೆಲಮಟ್ಟದಲ್ಲಿ ಆ ಲೈನಿನ ಒತ್ತಡ 3 ಬಾರ್. ಬೀದಿಯ ಪೈಪಿನಲ್ಲಿ 1 ಬಾರ್ ಇದ್ದರೆ ಹೆಚ್ಚು. ಇವೆರಡರ ನಡುವಿನ ವಾಲ್ವ್ ಕೂದಲೆಳೆಯಷ್ಟು ಸೋರಿದರೂ ಕೊಳಚೆಯೇ ಗೆಲ್ಲುತ್ತದೆ. ಗೇಟ್ ವಾಲ್ವ್ ಸೋರಿದ್ದು ಹೊರಗೆ ಕಾಣುವುದಿಲ್ಲ. ಅದರ ತಳದ ಕುಳಿಯಲ್ಲಿ ಮರಳು, ತುಕ್ಕಿನ ಚೂರು ಕೂತರೆ ಚಕ್ರ ಬಿಗಿಯಾಗಿ ತಿರುಗಿ ನಿಂತಂತೆ ಅನ್ನಿಸುತ್ತದೆ, ಒಳಗಿನ ಬಿಲ್ಲೆ ಮಾತ್ರ ಪೂರ್ತಿ ಇಳಿದಿರುವುದಿಲ್ಲ. ಬಾಲ್ ವಾಲ್ವ್‌ನಲ್ಲಿ ಟೆಫ್ಲಾನ್ ಸೀಟಿಗೆ ಗೀರು ಬಿದ್ದರೆ ಅದೇ ಕಥೆ. ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್) ಹಾಕಿದ್ದೇವೆ ಅನ್ನುವವರಿಗೂ ಇದೇ ಉತ್ತರ: ರಬ್ಬರು ಗಟ್ಟಿಯಾದ ಮೇಲೆ, ಸೀಟಿನ ಮೇಲೆ ಸುಣ್ಣ ಕಟ್ಟಿದ ಮೇಲೆ ಅದು ಎರಡೂ ಕಡೆಗೆ ‘ರಿಟರ್ನ್’ ವಾಲ್ವೇ.

ನಂಬಬಹುದಾದದ್ದು ಗಾಳಿಯ ಅಂತರ. ನಗರದ ನೀರಿನಿಂದ ಸಂಸ್ಕರಿಸಿದ ನೀರಿನ ಟ್ಯಾಂಕು ತುಂಬಲೇಬೇಕಾದರೆ, ಪೈಪಿನ ಬಾಯಿ ಟ್ಯಾಂಕಿನ ಅಂಚಿಗಿಂತ ಮೇಲೆ, ಗಾಳಿಯಲ್ಲಿ ಕೊನೆಯಾಗಬೇಕು. ಅಂತರ ಪೈಪಿನ ವ್ಯಾಸದ ಎರಡು ಪಟ್ಟು: 25 ಮಿ.ಮೀ. ಪೈಪಿಗೆ 50 ಮಿ.ಮೀ., 50ಕ್ಕೆ 100. ಪೈಪು ಎಷ್ಟೇ ಸಣ್ಣದಿರಲಿ, 25 ಮಿ.ಮೀ.ಗಿಂತ ಕಡಿಮೆ ಬೇಡ. ಅಳೆಯಬೇಕಾದದ್ದು ಫ್ಲೋಟ್ ನಿಲ್ಲುವ ಮಟ್ಟದಿಂದಲ್ಲ, ಟ್ಯಾಂಕು ತುಂಬಿ ಹೊರಚೆಲ್ಲುವ ಅಂಚಿನಿಂದ. ಎಷ್ಟೋ ಕಡೆ ಕಟ್ಟುವಾಗ ಅಂತರ ಸರಿಯಾಗಿಯೇ ಇರುತ್ತದೆ. ಆಮೇಲೆ ನೀರು ಬೀಳುವ ಸದ್ದು ಜಾಸ್ತಿ ಅಂತ ಯಾರೋ ಒಂದು ಅಡಿ ಪೈಪು ಸೇರಿಸಿ ನೀರಿನೊಳಗೆ ಮುಳುಗಿಸುತ್ತಾರೆ. ಅಲ್ಲಿಗೆ ಅಂತರ ಮುಗಿಯಿತು. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಎರಡು ನಿಮಿಷದ ಕೆಲಸ.

ಗಾಳಿಯ ಅಂತರ ಬಿಡಲಾಗದ ಕಡೆ ಒತ್ತಡ ತಗ್ಗಿಸುವ ವಲಯದ ಬ್ಯಾಕ್‌ಫ್ಲೋ ಪ್ರಿವೆಂಟರ್, ಅಂದರೆ ಉಲ್ಟಾ ಹರಿವು ತಡೆಯುವ ಸಾಧನ, ಹಾಕುತ್ತಾರೆ. ಎರಡು ಚೆಕ್ ವಾಲ್ವ್, ಮಧ್ಯದಲ್ಲೊಂದು ರಿಲೀಫ್ ವಾಲ್ವ್. ಒಳಗೆ ಏನಾದರೂ ಕೆಟ್ಟರೆ ರಿಲೀಫ್ ಬಾಯಿಂದ ನೀರು ಹೊರಗೆ ಸುರಿಯುತ್ತದೆ, ಸುರಿಯುವುದೇ ಅದರ ಕೆಲಸ. ‘ಸೋರ್ತಾ ಇದೆ’ ಅಂತ ಆ ಬಾಯಿಗೆ ಪ್ಲಗ್ ಹೊಡೆದವರಿದ್ದಾರೆ, ಅದಕ್ಕಿಂತ ಬುದ್ಧಿವಂತಿಕೆ ಅಂತ ಪೈಪು ಹಾಕಿ ನೇರ ಚರಂಡಿಗೆ ಕೂಡಿಸಿದವರೂ ಇದ್ದಾರೆ. ಎರಡೂ ಅಷ್ಟೇ ಅಪಾಯ. ಈ ಸಾಧನವನ್ನು ವರ್ಷಕ್ಕೊಮ್ಮೆ ಗೇಜ್ ಹಾಕಿ ಪರೀಕ್ಷಿಸಬೇಕು. ಪರೀಕ್ಷೆಯಾಗದ ಪ್ರಿವೆಂಟರ್ ದುಬಾರಿ ಹಿತ್ತಾಳೆ ಅಷ್ಟೆ.

ಉಲ್ಟಾ ಹರಿವಿಗೆ ಇನ್ನೊಂದು ದಾರಿ ಇದೆ: ಹೀರುವಿಕೆ. ಬೀದಿ ಪೈಪಿನ ಒತ್ತಡ ಶೂನ್ಯಕ್ಕಿಳಿದಾಗ, ಅಂದರೆ ಪೈಪು ಒಡೆದಾಗ, ರಿಪೇರಿಗೆ ನಿಲ್ಲಿಸಿದಾಗ, ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಸರದಿ ಮುಗಿದಾಗ, ಖಾಲಿಯಾಗುತ್ತಿರುವ ಪೈಪು ತೂತು ಬಿದ್ದ ಸ್ಟ್ರಾದ ಹಾಗೆ ಸುತ್ತಲಿನದನ್ನು ಎಳೆದುಕೊಳ್ಳುತ್ತದೆ. ಬೀದಿ ಲೈನಿಗೆ ನೇರ ಮೋಟಾರು ಕೂಡಿಸಿದವರು ಇದನ್ನು ಇನ್ನಷ್ಟು ಜೋರು ಮಾಡುತ್ತಾರೆ. ಮೋಟಾರು ಎಳೆಯುವುದು ಮೇಲಿನಿಂದ ಬರುವ ನೀರನ್ನು ಮಾತ್ರ ಅಲ್ಲ. ಬಿರುಕಿನ ಪಕ್ಕದ ಮಣ್ಣಲ್ಲಿ ನಿಂತ ಚರಂಡಿ ನೀರೂ ಬರುತ್ತದೆ, ಪಕ್ಕದ ಮನೆಯ ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಹೋಸ್ ಪೈಪಿನ ನೀರೂ ಬರುತ್ತದೆ. ಹಲವು ದೇಶಗಳ ನಿಯಮಗಳು ನೀರಿನ ಪೈಪಿಗೂ ಒಳಚರಂಡಿಗೂ ಅಡ್ಡಡ್ಡ 3 ಮೀಟರ್ ಅಂತರ ಇರಲಿ, ಒಂದನ್ನೊಂದು ದಾಟುವ ಕಡೆ ನೀರಿನ ಪೈಪು 45 ಸೆಂ.ಮೀ. ಮೇಲಿರಲಿ ಅನ್ನುವುದು ಇದೇ ಕಾರಣಕ್ಕೆ. ಕಿರಿದಾದ ಗಲ್ಲಿಯಲ್ಲಿ ಎರಡೂ ಒಂದೇ ಗುಂಡಿಯಲ್ಲಿ ಮಲಗಿರುತ್ತವೆ ಅನ್ನುವುದು ಅಗೆದವರಿಗೆಲ್ಲ ಗೊತ್ತು.

ಮನೆಯೊಳಗೂ ಇಂಥ ಜಾಗಗಳಿವೆ: ಕೀಟನಾಶಕದ ಡಬ್ಬಿಗೆ ನೀರು ತುಂಬಿಸಲು ಇಳಿಬಿಟ್ಟ ಹೋಸ್, ಕಮೋಡಿನೊಳಗೆ ಬೀಳುವಷ್ಟು ಉದ್ದದ ಹೆಲ್ತ್ ಫಾಸೆಟ್ ಪೈಪು, ನೇರ ಚರಂಡಿಗೆ ತುರುಕಿದ ಆರ್‌ಒ ತ್ಯಾಜ್ಯ ನೀರಿನ ಕೊಳವೆ. ಹೋಸ್ ನಲ್ಲಿಗೆ ಸಣ್ಣ ವ್ಯಾಕ್ಯೂಮ್ ಬ್ರೇಕರ್ (ಗಾಳಿ ಒಳಬಿಟ್ಟು ಹೀರುವಿಕೆ ಮುರಿಯುವ ಬಿಡಿಭಾಗ) ತಿರುಗಿಸಿ ಹಾಕಿದರೆ ಮೊದಲನೆಯದು ಬಗೆಹರಿಯಿತು. ಉಳಿದೆರಡಕ್ಕೆ ಕೊಳವೆಯ ತುದಿ ಕೊಳೆ ನೀರಿಗೆ ತಾಗದಂತೆ ಮೇಲೆ ಕಟ್ಟಿದರೆ ಸಾಕು.

ಕಟ್ಟಡದಲ್ಲಿ ಅಡ್ಡ ಜೋಡಣೆ ಇದೆಯೋ ಇಲ್ಲವೋ ಪತ್ತೆ ಮಾಡಲು ನಕಾಶೆ ನೋಡುತ್ತ ಕೂರಬೇಡಿ, ನಕಾಶೆಯಲ್ಲಿ ಅದು ಇರುವುದೇ ಇಲ್ಲ. ಕುಡಿಯುವ ನೀರಿನ ಮುಖ್ಯ ವಾಲ್ವ್ ಮತ್ತು ಅದರ ಪಂಪು ಎರಡನ್ನೂ ನಿಲ್ಲಿಸಿ. ಕೆಳಗಿನ ಮಹಡಿಯ ನಲ್ಲಿಗಳನ್ನು ತೆರೆದು ಲೈನು ಬಸಿಯಲು ಬಿಡಿ. ಸಂಸ್ಕರಿಸಿದ ನೀರಿನ ಲೈನು ಮಾತ್ರ ಒತ್ತಡದಲ್ಲಿರಲಿ. ಲೈನು ಬಸಿದ ಮೇಲೂ ಅಡುಗೆಮನೆ, ಸ್ನಾನದ ನಲ್ಲಿಯಲ್ಲಿ ಹನಿ ನಿಲ್ಲದೆ ಬರುತ್ತಿದ್ದರೆ ಎಲ್ಲೋ ಕೂಡಿಕೊಂಡಿದೆ. ನಂತರ ಇದನ್ನೇ ತಿರುಗಿಸಿ ಮಾಡಿ: ಸಂಸ್ಕರಿಸಿದ ಲೈನು ಬಂದ್ ಮಾಡಿ, ಫ್ಲಶ್ ಟ್ಯಾಂಕು ತುಂಬುತ್ತದೆಯಾ ನೋಡಿ. ಎರಡೂ ಬದಿಯಲ್ಲಿ ಮಾಡದಿದ್ದರೆ ಪರೀಕ್ಷೆ ಅರ್ಧ, ಏಕೆಂದರೆ ನಡುವೆ ಚೆಕ್ ವಾಲ್ವ್ ಇದ್ದರೆ ಒಂದು ದಿಕ್ಕಿನ ಸೋರಿಕೆ ಮಾತ್ರ ಕಾಣುತ್ತದೆ. ಸ್ನಾನಗೃಹ ನವೀಕರಿಸಿದ ಪ್ರತಿ ಸಲವೂ ಮಹಡಿಯಿಂದ ಮಹಡಿಗೆ ಹೋಗುವ ಆ ನೇರ ಲೈನಿನಲ್ಲಿ ಇದನ್ನು ಮತ್ತೆ ಮಾಡಿ. ತಪ್ಪು ಪೈಪಿಗೆ ‘ಟೀ’ (T ಆಕಾರದ ಕವಲು) ಕೂಡಿಸುವುದು ಹೆಚ್ಚಾಗಿ ನವೀಕರಣದ ಹೊತ್ತಲ್ಲೇ.

ಇನ್ನು ನೀರು ನೋಡಿ ಹೇಳುವುದು. ಸ್ವಚ್ಛವಾಗಿ ಕಾಣುತ್ತದೆ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಚೆನ್ನಾಗಿ ಸಂಸ್ಕರಿಸಿದ ಕೊಳಚೆ ನೀರು ಗಾಜಿನ ಲೋಟದಲ್ಲಿ ನಲ್ಲಿ ನೀರಿನಷ್ಟೇ ತಿಳಿ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು ರೋಗಾಣುವನ್ನು ಅಳೆಯುವುದಿಲ್ಲ. ಆದರೆ ಒಂದು ಕೆಲಸಕ್ಕೆ ಬರುತ್ತದೆ: ಬೀದಿ ಲೈನಿನ ನೀರು, ಟ್ಯಾಂಕಿನ ನೀರು, ಮನೆಯ ನಲ್ಲಿ ನೀರು ಮೂರನ್ನೂ ಒಂದೇ ಗಂಟೆಯೊಳಗೆ ಅಳೆಯಿರಿ. ಒಂದೇ ಮೂಲದ ನೀರು ಒಂದೇ ಅಂಕಿ ತೋರಿಸಬೇಕು. ನಲ್ಲಿಯದು ಎದ್ದು ಕಾಣುವಷ್ಟು ಮೇಲಿದ್ದರೆ ಬೇರೆ ನೀರು ಬೆರೆತಿದೆ.

ನಿಜವಾದ ಕಾವಲುಗಾರ ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಣದ ನಂತರವೂ ನೀರಲ್ಲಿ ಉಳಿದಿರುವ ಕ್ಲೋರಿನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನೀರು ಗ್ರಾಹಕನಿಗೆ ಮುಟ್ಟುವ ಜಾಗದಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಟ್ಯಾಂಕಿಗೆ ಬೀಳುವ ಜಾಗದಲ್ಲಿ 0.4 ಇದ್ದದ್ದು ನಲ್ಲಿಯಲ್ಲಿ ಶೂನ್ಯ ಅಂದರೆ ಮಧ್ಯೆ ಏನೋ ಅದನ್ನು ತಿಂದಿದೆ: ಟ್ಯಾಂಕಿನ ಕೆಸರು, ತುಂಬ ಹೊತ್ತು ನಿಂತ ನೀರು, ಇಲ್ಲವೇ ಕೊಳಚೆ. ಅಳೆಯಲು ಡಿಪಿಡಿ ಮಾತ್ರೆಯ ಕಿಟ್ ಬಳಸಿ. ಹಳೆಯ ಆರ್ಥೋಟೊಲಿಡಿನ್ ಹನಿ ಬೇಡ. ಆ ರಾಸಾಯನಿಕವೇ ಅಪಾಯಕಾರಿ, ಜೊತೆಗೆ ಮೋಸವೂ ಇದೆ. ಕೊಳಚೆಯ ಅಮೋನಿಯಾ ಕ್ಲೋರಿನ್ ಜೊತೆ ಕೂಡಿ ಸಂಯುಕ್ತ ಕ್ಲೋರಿನ್ ಆಗುತ್ತದೆ, ಅದಕ್ಕೆ ರೋಗಾಣು ಕೊಲ್ಲುವ ಶಕ್ತಿ ತೀರಾ ಕಡಿಮೆ. ಆದರೂ ಸ್ವಲ್ಪ ಹೊತ್ತು ಬಿಟ್ಟರೆ ಆರ್ಥೋಟೊಲಿಡಿನ್ ಅದಕ್ಕೂ ಹಳದಿ ಬಣ್ಣ ತೋರಿಸಿ ‘ಎಲ್ಲ ಸರಿ’ ಅನ್ನುತ್ತದೆ. ಡಿಪಿಡಿಯ 1ನೇ ಮಾತ್ರೆ ಮುಕ್ತ ಕ್ಲೋರಿನ್ ತೋರಿಸುತ್ತದೆ, 3ನೇ ಮಾತ್ರೆ ಸೇರಿಸಿದರೆ ಒಟ್ಟು ತೋರಿಸುತ್ತದೆ. ಮುಕ್ತ ಶೂನ್ಯ, ಒಟ್ಟು ಹೆಚ್ಚು ಅಂತ ಬಂದರೆ, ನಿಮ್ಮ ಊರಲ್ಲಿ ಕ್ಲೋರಮಿನ್ (ಬೇಕೆಂದೇ ಅಮೋನಿಯಾ ಕೂಡಿಸಿದ ಕ್ಲೋರಿನ್) ಬಳಸುವ ಪದ್ಧತಿ ಇಲ್ಲದಿದ್ದರೆ, ಅದು ಕೊಳಚೆಯ ಸುಳಿವು.

ಲ್ಯಾಬಿಗೆ ಕೊಡುವ ಸ್ಯಾಂಪಲ್ಲನ್ನು ವಾಸನೆ ಬಂದ ಹೊತ್ತಲ್ಲೇ ಹಿಡಿಯಿರಿ, ನಾಳೆ ಬೆಳಿಗ್ಗೆ ಅಂದರೆ ಸಾಕ್ಷ್ಯ ಹರಿದು ಹೋಗಿರುತ್ತದೆ. ಲ್ಯಾಬಿನವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಒಳಗಿರುವ ಬಿಳಿ ಪುಡಿ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ ಅಡಗಿಸಲು ಹಾಕಿದ್ದು. ಬಾಟಲಿ ತೊಳೆಯಬೇಡಿ. ನಲ್ಲಿಯ ಜಾಲರಿ ಬಿಚ್ಚಿ, ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ತುಂಬಿಸಿ. ಮೇಲೆ ಸ್ವಲ್ಪ ಜಾಗ ಬಿಡಿ. ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ಮುಟ್ಟಿಸಿದರೆ ಒಳ್ಳೆಯದು, 24 ಗಂಟೆ ದಾಟಿದರೆ ವ್ಯರ್ಥ. 100 ಮಿ.ಲೀ. ನೀರಿನಲ್ಲಿ ಮಲದ ಸುಳಿವು ಕೊಡುವ ಇ. ಕೋಲಿ ಬ್ಯಾಕ್ಟೀರಿಯಾ ಒಂದು ಸಿಕ್ಕರೂ ಅದು ಕುಡಿಯುವ ನೀರಲ್ಲ.

ಕಾಯಿಲೆಯ ತಾರೀಕು ಹಿಡಿದು ಕಾರಣ ಹುಡುಕುವಾಗ ಜನ ಎಡವುತ್ತಾರೆ. ನೊರೋವೈರಸ್ 12ರಿಂದ 48 ಗಂಟೆಯಲ್ಲಿ ಕಾಣಿಸುತ್ತದೆ, ಕ್ಯಾಂಪಿಲೋಬ್ಯಾಕ್ಟರ್ ಎರಡರಿಂದ ಐದು ದಿನ, ಜಿಯಾರ್ಡಿಯಾ ಒಂದರಿಂದ ಮೂರು ವಾರ, ಹೆಪಟೈಟಿಸ್ ಇ ಎರಡರಿಂದ ಹತ್ತು ವಾರ. 1955ರಲ್ಲಿ ದೆಹಲಿಯ ಯಮುನೆಯಲ್ಲಿ ಪ್ರವಾಹ ಬಂದು ಹೋದ ಮೇಲೆ ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗ ಸೇರಿತ್ತು. ಕ್ಲೋರಿನ್ ಪ್ರಮಾಣ ಏರಿಸಿದರು, ಟೈಫಾಯ್ಡಿನಂಥ ಬ್ಯಾಕ್ಟೀರಿಯಾ ಕಾಯಿಲೆ ಏರಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು. ವಾರಗಳ ನಂತರ, ಡಿಸೆಂಬರ್ ಜನವರಿಯಲ್ಲಿ, ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಆ ವೈರಸ್‌ಗೆ ಆಗ ಹೆಸರೂ ಇರಲಿಲ್ಲ, ಈಗ ಅದನ್ನು ಹೆಪಟೈಟಿಸ್ ಇ ಅನ್ನುತ್ತೇವೆ. ಗರ್ಭಿಣಿಯರಿಗೆ ಇದು ಪ್ರಾಣಾಂತಿಕವಾಗಬಹುದು. ಕಟ್ಟಡದಲ್ಲಿ ಕಾಮಾಲೆ ಕಾಣಿಸಿದರೆ ಹೋದ ವಾರದ ನೀರನ್ನಲ್ಲ, ಹಿಂದಿನ ಹತ್ತು ವಾರಗಳ ರಿಪೇರಿ ಪುಸ್ತಕ ತೆರೆಯಿರಿ.

ಕೊಳಚೆ ಬೆರೆತದ್ದು ಖಚಿತವಾದರೆ ಮೊದಲು ಆ ಜೋಡಣೆ ಕತ್ತರಿಸಿ ಎರಡೂ ತುದಿಗೆ ಕ್ಯಾಪ್ ಹಾಕಿ. ಅದಾಗದೆ ಟ್ಯಾಂಕು ತೊಳೆಯುವುದು ದಂಡ. ಅಲ್ಲಿಯವರೆಗೆ ಕುಡಿಯಲು, ಹಲ್ಲುಜ್ಜಲು, ತರಕಾರಿ ತೊಳೆಯಲು ಕುದಿಸಿದ ನೀರೇ ಆಗಬೇಕು. ತಳಮಳಿಸಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಬೆರೆತದ್ದು ಕೀಟನಾಶಕವೋ ಬೇರೆ ರಾಸಾಯನಿಕವೋ ಆಗಿದ್ದರೆ ಕುದಿಸಿ ಪ್ರಯೋಜನವಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆ ನೀರು ಮುಟ್ಟಲೇಬೇಡಿ.

ಟ್ಯಾಂಕು ಖಾಲಿ ಮಾಡಿ, ಗೋಡೆ ತಿಕ್ಕಿ, ಕೆಸರು ಹೊರಹಾಕಿ ಮತ್ತೆ ತುಂಬಿಸಿ. ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಬೇಕು, ಅಂದರೆ 1,000 ಲೀಟರಿಗೆ 50 ಗ್ರಾಂ. 30 ಶೇಕಡಾ ಶಕ್ತಿಯ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 165 ಗ್ರಾಂ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಚೀಲಕ್ಕೆ ಆ ಶಕ್ತಿ ಇರುವುದಿಲ್ಲ, ಹೊಸದು ತನ್ನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ ಹೊಯ್ಯಿರಿ. ಆ ಹೊತ್ತಲ್ಲಿ ಟಾಯ್ಲೆಟ್ ಕ್ಲೀನರ್, ಆಸಿಡ್ ಹತ್ತಿರವೂ ಬರಬಾರದು, ವಿಷಾನಿಲ ಏಳುತ್ತದೆ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ, ಗೀಸರ್ ಲೈನನ್ನೂ ಸೇರಿಸಿ. 24 ಗಂಟೆ ನಿಂತ ಮೇಲೆ ಎಲ್ಲ ಚೆಲ್ಲಿ ಹೊಸ ನೀರು ತುಂಬಿಸಿ. ಇದಕ್ಕೂ ಮುಂಚೆ ಆರ್‌ಒ ಯಂತ್ರದ ಸಂಪರ್ಕ ತಪ್ಪಿಸಿ, ಇಷ್ಟು ಕ್ಲೋರಿನ್ ಅದರ ಪೊರೆಯನ್ನು ಸುಡುತ್ತದೆ. ಕೊಳಚೆ ಹಾದುಹೋದ ಫಿಲ್ಟರ್ ಕಾರ್ಟ್ರಿಜ್ ಉಳಿಸಿಕೊಳ್ಳುವ ಆಸೆ ಬಿಡಿ. ಬೇರೆ ಬೇರೆ ದಿನ ತೆಗೆದ ಎರಡು ಸ್ಯಾಂಪಲ್ಲಾದರೂ ಇ. ಕೋಲಿ ಇಲ್ಲದೆ ಬರುವವರೆಗೆ ಕುದಿಸುವುದು ನಿಲ್ಲಿಸಬೇಡಿ.

ನೀರು ಸರಬರಾಜಿನವರಿಗೆ ದೂರು ಕೊಡುವಾಗ ‘ನೀರು ವಾಸನೆ’ ಅಂತಷ್ಟೇ ಬರೆದರೆ ಕಡತದ ತಳ ಸೇರುತ್ತದೆ. ಗಂಟೆ, ನಲ್ಲಿ ಬೀದಿ ಲೈನಿನದೋ ಟ್ಯಾಂಕಿನದೋ, ಆ ಹೊತ್ತಿನ ಮುಕ್ತ ಮತ್ತು ಒಟ್ಟು ಕ್ಲೋರಿನ್, ಸರಬರಾಜು ನಿಂತು ಎಷ್ಟು ಹೊತ್ತಿಗೆ ಮತ್ತೆ ಬಂತು, ಪಕ್ಕದ ಎಷ್ಟು ಮನೆಗಳಲ್ಲಿ ಹೀಗೇ ಇದೆ, ಇಷ್ಟನ್ನು ಬರೆಯಿರಿ. ಬೀದಿ ಲೈನಿನ ನೀರೇ ಕೆಟ್ಟಿದ್ದರೆ ಬಿರುಕು ಯಾವ ಎರಡು ವಾಲ್ವ್‌ಗಳ ನಡುವೆ ಇದೆ ಅಂತ ಅವರು ಹುಡುಕಲು ಬೇಕಾಗುವುದು ಈ ವಿವರಗಳೇ.