ಬ್ಲಾಂಡ್ ಏಲ್ ಕಿಟ್ ಕೊಳ್ಳುವ ಮುನ್ನ: ‘ಒಂದು ವಾರದ’ ಲೆಕ್ಕವನ್ನು ನಂಬಬೇಡಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸಲು ಹೊರಟವರಿಗೆ ಅಂಗಡಿಯವರು ಮೊದಲು ತೋರಿಸುವ ಕಿಟ್‌ಗಳಲ್ಲಿ ಬ್ಲಾಂಡ್ ಏಲ್ ಒಂದು. ತಿಳಿ ಹೊಂಬಣ್ಣ, ಹೆಚ್ಚಿಲ್ಲದ ಕಹಿ, ಶೇಕಡಾ 5ರ ಆಸುಪಾಸಿನ ಆಲ್ಕೋಹಾಲ್. ಆದ್ದರಿಂದ ಹೊಸಬರಿಗೆ ಇದು ಸುಲಭ ಎಂಬ ಮಾತು ಚಾಲ್ತಿಯಲ್ಲಿದೆ. ಕುಡಿಯುವುದಕ್ಕೆ ಸುಲಭ ಎಂಬುದು ನಿಜ. ಆದರೆ ಮಿಷಿಗನ್‌ನ ಚಳಿಗಾಲದಲ್ಲಿ, ಅಂಥದೊಂದು ಕಿಟ್‌ನೊಳಗಿದ್ದ ಸೂಚನಾಪತ್ರವನ್ನು ಅಕ್ಷರಶಃ ಪಾಲಿಸಿದ್ದರಿಂದ ನಮ್ಮ ಮನೆಯಲ್ಲಿ ಬಾಟಲಿಗಳು ಸಿಡಿದವು. ಈ ಕಿಟ್ ಕೊಳ್ಳುವ ಯೋಚನೆಯಲ್ಲಿರುವವರು ಅದರ ಕಾರಣವನ್ನು ತಿಳಿದಿರಬೇಕು.

ಸೂಚನಾಪತ್ರದಲ್ಲಿದ್ದುದು ಇಷ್ಟೆ: ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮತ್ತು ಹಾಪ್ಸ್ (ಕಹಿ ಕೊಡುವ ಹೂ) ಕುದಿಸಿ, ತಣಿಸಿ, ಯೀಸ್ಟ್ ಹಾಕಿ, ಒಂದು ವಾರದ ನಂತರ ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕೊಳವೆ) ಗುಳ್ಳೆ ನಿಂತಿದ್ದರೆ, ಪೊಟ್ಟಣದಲ್ಲಿರುವ ಸಕ್ಕರೆಯನ್ನೆಲ್ಲ ಬೆರೆಸಿ ಬಾಟಲಿಗೆ ತುಂಬಿ. ದ್ರವದ ಸಾಂದ್ರತೆಯನ್ನು ಅಳೆದು ಎಷ್ಟು ಸಕ್ಕರೆ ಉಳಿದಿದೆಯೆಂದು ತೋರಿಸುವ ಹೈಡ್ರೋಮೀಟರ್ ಕಿಟ್‌ನಲ್ಲಿರಲಿಲ್ಲ; ಕೇಳಿದಾಗ, ಮೊದಲ ಸಲಕ್ಕೆ ಅದರ ಅಗತ್ಯವಿಲ್ಲವೆಂದು ಅಂಗಡಿಯಾತನೇ ಹೇಳಿದ. ನಮ್ಮ ಬೇಸ್‌ಮೆಂಟ್‌ನ ತಾಪಮಾನ 15 ಡಿಗ್ರಿ ಸೆಲ್ಸಿಯಸ್ ಇತ್ತು. ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗದೆ ಕುಳಿತುಬಿಡುವಂತೆ, ಏಲ್ ಯೀಸ್ಟ್ ಕೂಡ ಆ ತಣ್ಣನೆಯಲ್ಲಿ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿಬಿಡಬಹುದು. ಗುಳ್ಳೆ ನಿಂತಿತು, ಸಕ್ಕರೆ ಮಾತ್ರ ಒಳಗೆ ಉಳಿದಿತ್ತು.

ತುಂಬಿದ ಬಾಟಲಿಗಳಲ್ಲಿ ಹೆಚ್ಚಿನವನ್ನು ಮೇಲಿನ ಬೆಚ್ಚಗಿನ ಉಗ್ರಾಣಕ್ಕೆ ಒಯ್ದೆವು, ಏಕೆಂದರೆ ಗ್ಯಾಸ್ ಏರಲು ಬೆಚ್ಚಗಿನ ಜಾಗ ಬೇಕೆಂದು ಅದೇ ಪತ್ರದಲ್ಲಿತ್ತು. ಮಲಗಿದ್ದ ಯೀಸ್ಟ್ ಅಲ್ಲಿ ಎಚ್ಚೆತ್ತು, ಬೆರೆಸಿದ ಸಕ್ಕರೆಯ ಜೊತೆಗೆ ಮಾಲ್ಟ್‌ನಲ್ಲಿ ಉಳಿದಿದ್ದ ಸಕ್ಕರೆಯನ್ನೂ ತಿನ್ನತೊಡಗಿತು. ಒಂದು ರಾತ್ರಿ ಮೊದಲ ಬಾಟಲಿ ಸಿಡಿದು, ಅದರ ಏಟಿಗೆ ಪಕ್ಕದ ಎರಡು ಒಡೆದವು. ಕೆಳಗಿನ ಹಲಗೆಯಲ್ಲಿದ್ದ ಸೋನಾ ಮಸೂರಿ ಅಕ್ಕಿಯ ಚೀಲದೊಳಗೆ ಬೆರಳುದ್ದದ ಗಾಜಿನ ಚೂರು ನೆಟ್ಟಗೆ ಇಳಿದಿತ್ತು. ಮಗು ಹಗಲೆಲ್ಲ ಓಡಾಡುವ ಜಾಗವದು. ಅಕ್ಕಿಯನ್ನಂತೂ ಇಡಿಯಾಗಿ ಎಸೆಯಬೇಕಾಯಿತು.

ಬಳಿಕ ಹೈಡ್ರೋಮೀಟರ್ ತಂದು, ಬೇಸ್‌ಮೆಂಟ್‌ನಲ್ಲೇ ಉಳಿದಿದ್ದ ಒಂದು ಬಾಟಲಿಯ ಬಿಯರನ್ನು ಗ್ಯಾಸ್ ಹೋಗುವಂತೆ ಕಲಕಿ ಅಳೆದಾಗ, ನೀರಿನ ಸಾಂದ್ರತೆ 1.000 ಎಂಬ ಲೆಕ್ಕದಲ್ಲಿ, 1.017 ಬಂತು. ಈ ಬಗೆಯ ಬಿಯರ್ 1.010ರ ಆಸುಪಾಸಿಗೆ ಇಳಿದು ನಿಲ್ಲಬೇಕು. 0.001ಕ್ಕೆ ಒಂದು ಅಂಶವೆಂದರೆ, ನಡುವಿನ ಏಳು ಅಂಶಗಳಲ್ಲಿ ಮೂರರಷ್ಟನ್ನು ನಾವು ಬೆರೆಸಿದ ಸಕ್ಕರೆಯದೆಂದು ಬಿಟ್ಟರೂ, ಉಳಿದ ನಾಲ್ಕು ಮಾಲ್ಟ್‌ನವು. ಒಂದೊಂದು ಅಂಶವೂ ಲೀಟರ್ ಬಿಯರಿಗೆ ಸುಮಾರು ಅರ್ಧ ಲೀಟರ್ ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತದೆ. ಬ್ಲಾಂಡ್ ಏಲ್‌ಗೆ ಲೀಟರಿಗೆ ಎರಡೂವರೆ ಲೀಟರ್ ಗ್ಯಾಸ್ ಸಾಕು. ಅದರ ಮೇಲೆ ಇನ್ನೂ ಎರಡು ಲೀಟರ್ ಸೇರಿದರೆ ಸಾಮಾನ್ಯ ಬಿಯರ್ ಬಾಟಲಿ ತಾಳುವುದಿಲ್ಲ. ಸಾಲದ್ದಕ್ಕೆ, ಪೊಟ್ಟಣದ 140 ಗ್ರಾಂ ಸಕ್ಕರೆ 19 ಲೀಟರಿನ ಲೆಕ್ಕದ್ದು. ತಳದ ಗಸಿಯನ್ನು ಬಿಟ್ಟ ಮೇಲೆ ನಮಗೆ ದಕ್ಕಿದ್ದು ಸುಮಾರು 16 ಲೀಟರ್ ಮಾತ್ರ. ಅಂಗಡಿಗೆ ದೂರು ಕೊಟ್ಟಾಗ ಬಾಟಲಿಗಳೇ ದುರ್ಬಲವಿರಬೇಕೆಂಬ ಉತ್ತರ ಬಂತು. ತಿರುಗಿಸಿ ತೆರೆಯುವ ಮುಚ್ಚಳದ ತೆಳು ಬಾಟಲಿಯನ್ನು ಇದಕ್ಕೆ ಬಳಸಬಾರದೆಂಬುದು ಸರಿ, ಆದರೆ ನಮ್ಮವು ಅವರೇ ಮಾರಿದ ದಪ್ಪ ಬಾಟಲಿಗಳು.

ಆದ್ದರಿಂದ ಹೈಡ್ರೋಮೀಟರ್ ಇಲ್ಲದ ಕಿಟ್ ಕೊಂಡರೆ ಅದನ್ನು ಬೇರೆಯಾಗಿ ಕೊಳ್ಳಿ, ಇಲ್ಲವೇ ಕಿಟ್ಟನ್ನೇ ಬಿಡಿ. ಹುದುಗುವ ಪಾತ್ರೆಯನ್ನು 18ರಿಂದ 20 ಡಿಗ್ರಿಯಲ್ಲಿಡಿ. ಮೂರು ದಿನಗಳ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದೇ ಆಗಿ, ನಿರೀಕ್ಷಿತ ಮಟ್ಟಕ್ಕೂ ಇಳಿದಿದ್ದರೆ ಮಾತ್ರ ಬಾಟಲಿಯ ಮಾತು. ಅಳತೆ ಮೇಲೆಯೇ ನಿಂತಿದ್ದರೆ ಪಾತ್ರೆಯನ್ನು ಬೆಚ್ಚಗಿನ ಕೋಣೆಗೆ ಸರಿಸಿ ಕಾಯಬೇಕು. ಸಕ್ಕರೆಯನ್ನು ಪೊಟ್ಟಣದ ಲೆಕ್ಕದಲ್ಲಿ ಸುರಿಯದೆ, ಕೈಗೆ ಬಂದ ಬಿಯರಿಗೆ ಲೀಟರಿಗೆ 6ರಿಂದ 7 ಗ್ರಾಂನಂತೆ ತೂಗಿ, ನೀರಿನಲ್ಲಿ ಕುದಿಸಿ, ಎಲ್ಲೆಡೆ ಸಮನಾಗಿ ಬೆರೆಯುವಂತೆ ಮೆಲ್ಲಗೆ ಕಲಕಬೇಕು.

ಊರಿನಲ್ಲಿರುವವರಿಗೆ ಒಂದು ಮಾತು. ಅಮೆರಿಕದ ಕೇಂದ್ರ ಕಾನೂನು 1979ರಿಂದ ಮನೆಬಳಕೆಗೆ ಬಿಯರ್ ತಯಾರಿಕೆಯನ್ನು ತೆರಿಗೆಯಿಲ್ಲದೆ ಬಿಟ್ಟಿದೆ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಇದನ್ನು ಮಾಡುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ.

ಈಗಾಗಲೇ ತುಂಬಿಟ್ಟ ಬಾಟಲಿಗಳ ಬಗ್ಗೆ ಅನುಮಾನವಿದ್ದರೆ, ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಗವಸು ಹಾಕಿಕೊಂಡು, ಬಾಟಲಿಗಳ ಮೇಲೆ ದಪ್ಪ ಟವಲ್ ಹೊದಿಸಿ, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಒಂದೊಂದಾಗಿ ಇಳಿಸಿ, ಆ ಪೆಟ್ಟಿಗೆಯನ್ನು ತಂಪಾದ ಜಾಗದಲ್ಲಿಡಿ. ತಣಿದಂತೆ ಗ್ಯಾಸ್ ಬಿಯರಿನಲ್ಲಿ ಕರಗಿ ಒತ್ತಡ ಇಳಿಯುತ್ತದೆ. ಚೆನ್ನಾಗಿ ತಣಿದ ಮೇಲಷ್ಟೇ, ಟವಲ್ ತೆಗೆಯದೆ, ಬಾಟಲಿಯ ಮುಚ್ಚಳವನ್ನು ಸಿಂಕ್‌ನಲ್ಲಿ ಸಡಿಲಿಸಬೇಕು.