ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾವೋ, ಶೀಘ್ರಲಿಪಿ ತರಗತಿಯೋ?

ಎಸ್ಸೆಸ್ಸೆಲ್ಸಿ ಮುಗಿಸಿ ಕಚೇರಿ ಕೆಲಸದತ್ತ ಮನಸ್ಸು ಮಾಡಿದವರಿಗೆ ಕರ್ನಾಟಕದಲ್ಲಿ ಎರಡು ಪರಿಚಿತ ದಾರಿಗಳಿವೆ: ಪಾಲಿಟೆಕ್ನಿಕ್‌ನ 3 ವರ್ಷಗಳ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ, ಇಲ್ಲವೇ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬರೆಯುವ ಜೂನಿಯರ್, ಸೀನಿಯರ್ ದರ್ಜೆಯ ಬೆರಳಚ್ಚು ಮತ್ತು ಶೀಘ್ರಲಿಪಿ (ಆಡಿದ ಮಾತನ್ನು ಸಂಕೇತಗಳಲ್ಲಿ ವೇಗವಾಗಿ ಬರೆದುಕೊಳ್ಳುವ ಶಾರ್ಟ್‌ಹ್ಯಾಂಡ್) ಪರೀಕ್ಷೆಗಳು.

ಖರ್ಚನ್ನು ಶುಲ್ಕದಿಂದಷ್ಟೇ ಅಳೆಯಲಾಗದು. ಸರ್ಕಾರಿ ಪಾಲಿಟೆಕ್ನಿಕ್‌ನ ಶುಲ್ಕ ಹೊರೆಯೆನಿಸದಿದ್ದರೂ ಅದು ಇಡೀ ದಿನದ ಓದು. ಇನ್‌ಸ್ಟಿಟ್ಯೂಟಿಗಾದರೋ ಪಿಯುಸಿ ಅಥವಾ ಪದವಿ ಓದುತ್ತಲೇ ಬೆಳಗ್ಗೆಯೋ ಸಂಜೆಯೋ ಒಂದು ಗಂಟೆ ಹೋಗಿಬರಬಹುದು.

ಕಲಿಕೆಯ ಹರವಿನಲ್ಲಿ ಡಿಪ್ಲೊಮಾ ಮುಂದಿದೆ. ಲೆಕ್ಕಪತ್ರ, ಪತ್ರವ್ಯವಹಾರ, ಕಂಪ್ಯೂಟರ್ ಎಲ್ಲವೂ ಅದರಲ್ಲಿ ಸೇರಿರುವುದರಿಂದ, ಒಬ್ಬರೇ ಹಲವು ಕೆಲಸ ನೋಡಿಕೊಳ್ಳಬೇಕಾದ ಸಣ್ಣ ಖಾಸಗಿ ಕಚೇರಿಗೆ ಅದು ಹೆಚ್ಚು ಹೊಂದುತ್ತದೆ.

ಶೀಘ್ರಲಿಪಿಗಾರರ ಹುದ್ದೆಯೇ ಗುರಿಯಾದರೆ ಲೆಕ್ಕಾಚಾರ ಬೇರೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ‘ಡಿ’ ಶ್ರೇಣಿಗೆ ನಿಮಿಷಕ್ಕೆ 80, ‘ಸಿ’ ಶ್ರೇಣಿಗೆ 100 ಪದಗಳ ವೇಗವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಪರೀಕ್ಷಿಸುತ್ತದೆ. ಅರ್ಜಿ ಹಾಕಲು ಪಿಯುಸಿ ಸಾಕು. ಈ ವೇಗ ಪ್ರಮಾಣಪತ್ರದೊಂದಿಗೆ ತಾನಾಗಿ ಬರುವುದಿಲ್ಲ, ದಿನವೂ ಉಕ್ತಲೇಖನ ತೆಗೆದುಕೊಂಡ ಕೈಗೆ ಮಾತ್ರ ಬರುತ್ತದೆ. ಹಾಗಾಗಿ ಇಂಥವರಿಗೆ ಪಿಯುಸಿಯೊಂದಿಗೆ ಇನ್‌ಸ್ಟಿಟ್ಯೂಟೇ ಹತ್ತಿರದ ದಾರಿ ಎಂದು ನನಗೆ ತೋರುತ್ತದೆ. ರಾಜ್ಯದ ಕಚೇರಿ, ನ್ಯಾಯಾಲಯಗಳತ್ತ ನೋಡುವವರು ಮಾತ್ರ ಕನ್ನಡ ಶೀಘ್ರಲಿಪಿಯನ್ನು ಬಿಡಬಾರದು.